ಶಿವಮೊಗ್ಗದ 577201: ದೊಡ್ಡ ಸಂಖ್ಯೆಯೊಂದನ್ನು ಕಾಗದದ ಮೇಲೆ ಬಿಡಿಸಿ ನೋಡುವ ಕ್ರಮ

ಶಿವಮೊಗ್ಗ ನಗರದ ಪಿನ್‌ಕೋಡ್ 577201. ವಿಳಾಸದ ಕೊನೆಯಲ್ಲಿ ಈ ಆರು ಅಂಕಿಗಳನ್ನು ಬರೆದು ಕೈಗೆ ರೂಢಿಯಾಗಿರುವ ನಮ್ಮಲ್ಲಿ ಹೆಚ್ಚಿನವರು ಅದನ್ನು ಐದು ಲಕ್ಷದ ಎಪ್ಪತ್ತೇಳು ಸಾವಿರದ ಇನ್ನೂರ ಒಂದು ಎಂಬ ಪೂರ್ಣಸಂಖ್ಯೆಯಾಗಿ ಓದಿ ನೋಡಿರುವುದಿಲ್ಲ. 1972ರ ಆಗಸ್ಟ್ 15ರಂದು ಈ ಪದ್ಧತಿ ಜಾರಿಗೆ ಬಂದಾಗ ಅಂಚೆ ಇಲಾಖೆಗೆ ಬೇಕಾಗಿದ್ದದ್ದು ಕಾಗದಗಳನ್ನು ವಿಂಗಡಿಸಲು ಒಂದು ಗುರುತು ಮಾತ್ರ; ಮೊದಲ ಅಂಕಿ ವಲಯವನ್ನು, ಮೊದಲ ಮೂರು ಅಂಕಿಗಳು ವಿಂಗಡಣೆಯ ಜಿಲ್ಲೆಯನ್ನು, ಕೊನೆಯ ಮೂರು ಅಂಕಿಗಳು ಬಟವಾಡೆಯ ಕಚೇರಿಯನ್ನು ಸೂಚಿಸುತ್ತವೆ. ಆದರೆ ಯಾವ ಉದ್ದೇಶಕ್ಕೆ ಹುಟ್ಟಿದ್ದರೂ ಸಂಖ್ಯೆ ಸಂಖ್ಯೆಯೇ. ಅದಕ್ಕೆ ಭಾಜಕಗಳಿರುತ್ತವೆ, ನೆರೆಯ ಸಂಖ್ಯೆಗಳೊಡನೆ ಸಂಬಂಧವಿರುತ್ತದೆ, ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವೋ ಇಲ್ಲವೋ ಎಂಬ ಪ್ರಶ್ನೆಗೆ ಖಚಿತವಾದ ಉತ್ತರವಿರುತ್ತದೆ.

ಇಂಥ ಆರಂಕಿಯ ಸಂಖ್ಯೆಯೊಂದನ್ನು ಕೈಗೆತ್ತಿಕೊಂಡರೆ ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕು, ಯಾವುದನ್ನು ಆಮೇಲೆ ಕೇಳಬೇಕು, ಎಲ್ಲಿ ಶ್ರಮ ಉಳಿಸಬಹುದು ಎಂಬುದನ್ನು ಹಂತ ಹಂತವಾಗಿ ತೋರಿಸುವುದು ಈ ಲೇಖನದ ಉದ್ದೇಶ. ಎಂಟು, ಒಂಬತ್ತನೆಯ ತರಗತಿಯ ಗಣಿತ ತಿಳಿದವರು ಇದನ್ನು ಪೂರ್ತಿಯಾಗಿ ಮಾಡಬಲ್ಲರು. ಬೇಕಾಗುವುದು ಎರಡು ಹಾಳೆ, ಒಂದು ಪೆನ್ನು. ಮೊಬೈಲಿನ ಕ್ಯಾಲ್ಕ್ಯುಲೇಟರನ್ನು ಕೊನೆಯವರೆಗೆ ಪಕ್ಕಕ್ಕಿಡಬೇಕೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ, ಏಕೆಂದರೆ ಯಂತ್ರವು ಉತ್ತರವನ್ನು ಮಾತ್ರ ಕೊಡುತ್ತದೆ, ಆ ಉತ್ತರ ಏಕೆ ಬೇರೆಯಾಗಿರಲು ಸಾಧ್ಯವಿಲ್ಲ ಎಂಬುದು ಕೈಬರಹದ ಲೆಕ್ಕದಲ್ಲಿಯೇ ಮನದಟ್ಟಾಗುತ್ತದೆ.

ಮೊದಲು ಒಂದು ಸಣ್ಣ ಸಂಖ್ಯೆ

ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಪತ್ರಿಕೆಗಳನ್ನು ಓದುವವರಿಗೆ 1819 ಎಂಬ ಸಂಖ್ಯೆ ಚಿರಪರಿಚಿತ. ಅದು ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ, ಅಡಿಗಳಲ್ಲಿ. ಈ ಸಂಖ್ಯೆ ಅವಿಭಾಜ್ಯವೇ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಯೇ ಎಂದು ಪರೀಕ್ಷಿಸೋಣ. ಇಲ್ಲಿ ನೆನಪಿಡಬೇಕಾದ ನಿಯಮ ಒಂದೇ: ಒಂದು ಸಂಖ್ಯೆಯನ್ನು ಎರಡು ಅಪವರ್ತನಗಳ ಗುಣಲಬ್ಧವಾಗಿ ಒಡೆದಾಗ ಎರಡೂ ಅದರ ವರ್ಗಮೂಲಕ್ಕಿಂತ ದೊಡ್ಡವಾಗಿರಲು ಸಾಧ್ಯವಿಲ್ಲ, ಹಾಗಿದ್ದರೆ ಗುಣಲಬ್ಧವೇ ಆ ಸಂಖ್ಯೆಯನ್ನು ಮೀರಿಬಿಡುತ್ತದೆ. ಆದ್ದರಿಂದ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 42ರ ವರ್ಗ 1764, 43ರ ವರ್ಗ 1849. ಹಾಗಾಗಿ 1819ರ ವಿಷಯದಲ್ಲಿ 41ರವರೆಗೆ ಹೋದರೆ ತೀರಿತು. 2, 3, 5, 7, 11, 13 ಯಾವುದರಿಂದಲೂ ಅದು ಭಾಗವಾಗುವುದಿಲ್ಲ. 17ರಿಂದ ಭಾಗಿಸಿದರೆ 107 ಬರುತ್ತದೆ, ಶೇಷ ಉಳಿಯುವುದಿಲ್ಲ. 107 ಅವಿಭಾಜ್ಯ. ಹೀಗೆ 1819 = 17 × 107.

ದೊಡ್ಡ ಸಂಖ್ಯೆಗೂ ಕ್ರಮ ಇದೇ. ವ್ಯತ್ಯಾಸವಿರುವುದು ಶ್ರಮದ ಪ್ರಮಾಣದಲ್ಲಿ, ಮತ್ತು ಆ ಶ್ರಮವನ್ನು ಇಳಿಸಿಕೊಳ್ಳುವ ಜಾಣತನದಲ್ಲಿ.

ಹಂತ 1: ಮೇರೆಯನ್ನು ಗುರುತಿಸುವುದು

ಹಾಳೆಯ ಮೇಲ್ಭಾಗದಲ್ಲಿ 5,77,201 ಎಂದು ಬರೆಯಿರಿ. 759ರ ವರ್ಗ 5,76,081. 760ರ ವರ್ಗ 5,77,600. ನಮ್ಮ ಸಂಖ್ಯೆ ಇವೆರಡರ ನಡುವೆ ಇರುವುದರಿಂದ ಅದು ಪೂರ್ಣವರ್ಗವಲ್ಲ ಎಂಬುದು ಮೊದಲ ಫಲಿತಾಂಶ. ಪರೀಕ್ಷೆಯ ಮೇರೆ 759 ಎಂಬುದು ಎರಡನೆಯದು. 759ರ ಒಳಗೆ 134 ಅವಿಭಾಜ್ಯ ಸಂಖ್ಯೆಗಳಿವೆ, ಅವುಗಳಲ್ಲಿ ಕೊನೆಯದು 757. ಅಂದರೆ ಅತ್ಯಂತ ಪ್ರತಿಕೂಲ ಸಂದರ್ಭದಲ್ಲಿ 134 ಭಾಗಾಕಾರಗಳನ್ನು ಮಾಡಬೇಕಾಗಬಹುದು. ಇದನ್ನು ಕಂಡು ಹೆದರಬೇಕಾಗಿಲ್ಲ. ಸಂಖ್ಯೆಗೆ ಸಣ್ಣ ಅಪವರ್ತನವೊಂದು ಸಿಕ್ಕ ತಕ್ಷಣ ಈ ಮೇರೆ ಹೇಗೆ ಕುಸಿಯುತ್ತದೆ ಎಂಬುದನ್ನು ಮೂರನೆಯ ಹಂತದಲ್ಲಿ ನೋಡಲಿದ್ದೇವೆ.

ಹಂತ 2: ಭಾಗಿಸದೆಯೇ ತಿಳಿಯುವ ಸಂಗತಿಗಳು

ಕೊನೆಯ ಅಂಕಿ 1 ಆಗಿರುವುದರಿಂದ 2 ಮತ್ತು 5 ಸಲ್ಲುವುದಿಲ್ಲ. ಅಂಕಿಗಳ ಮೊತ್ತ 5 + 7 + 7 + 2 + 0 + 1 = 22; ಇದು 3ರಿಂದ ಭಾಗವಾಗದ ಕಾರಣ ಮೂಲ ಸಂಖ್ಯೆಯೂ ಭಾಗವಾಗದು. ಇವು ಶಾಲೆಯಲ್ಲಿ ಎಲ್ಲರೂ ಕಲಿತ ವಿಷಯಗಳು.

ಇದಕ್ಕಿಂತ ಬಹಳ ಉಪಯುಕ್ತವಾದ, ಆದರೆ ತರಗತಿಗಳಲ್ಲಿ ಅಷ್ಟಾಗಿ ಬಳಕೆಗೆ ಬಾರದ ಪರೀಕ್ಷೆ ಇನ್ನೊಂದಿದೆ. 7 × 11 × 13 = 1001 ಎಂಬುದನ್ನು ಗಮನಿಸಿ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪುಗಳಾಗಿ ಒಡೆದರೆ 577 ಮತ್ತು 201 ದೊರೆಯುತ್ತವೆ. ಮೂಲ ಸಂಖ್ಯೆ 577 × 1000 + 201; ಇದನ್ನೇ 577 × 1001 + (201 − 577) ಎಂದು ಬರೆಯಬಹುದು. ಮೊದಲ ಪದವು 7, 11, 13 ಮೂರರಿಂದಲೂ ತಾನಾಗಿಯೇ ಭಾಗವಾಗುವುದರಿಂದ ನಾವು ನೋಡಬೇಕಾದದ್ದು 201 − 577, ಅಂದರೆ −376 ಮಾತ್ರ. 376ನ್ನು 7ರಿಂದ ಭಾಗಿಸಿದರೆ ಶೇಷ 5, 11ರಿಂದ ಭಾಗಿಸಿದರೆ 2, 13ರಿಂದ ಭಾಗಿಸಿದರೆ 12. ಮೂರರಲ್ಲಿ ಒಂದಕ್ಕೂ ಶೇಷ ಸೊನ್ನೆಯಲ್ಲ; ಆದುದರಿಂದ ಮೂರೂ ಒಂದೇ ಏಟಿಗೆ ಪಟ್ಟಿಯಿಂದ ಹೊರಗೆ ಹೋದವು. ಆರಂಕಿಯ ಸಂಖ್ಯೆಯನ್ನು ಮೂರು ಬಾರಿ ಭಾಗಿಸುವ ಬದಲು ಮೂರಂಕಿಯ ಸಂಖ್ಯೆಯನ್ನು ಭಾಗಿಸಿದೆವು. ಗುಂಪುಗಳು ಎರಡಕ್ಕಿಂತ ಹೆಚ್ಚಿದ್ದರೆ ಬಲದಿಂದ ಮೊದಲುಗೊಂಡು ಒಂದನ್ನು ಕೂಡಿ, ಮುಂದಿನದನ್ನು ಕಳೆದು, ಅದರ ಮುಂದಿನದನ್ನು ಮತ್ತೆ ಕೂಡಬೇಕು.

ಇದರ ಜೋಡಿಯಾಗಿ 999 = 27 × 37 ಎಂಬುದನ್ನೂ ಬಳಸಿಕೊಳ್ಳಬಹುದು. ಈ ಸಲ ಗುಂಪುಗಳನ್ನು ಕಳೆಯುವ ಬದಲು ಕೂಡಬೇಕು: 577 + 201 = 778. ಮೂವತ್ತೇಳು ಇಪ್ಪತ್ತೊಂದಲ 777, ಶೇಷ 1. ಹಾಗಾಗಿ 37 ಕೂಡ ನಮ್ಮ ಸಂಖ್ಯೆಯ ಅಪವರ್ತನವಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಎರಡು ಕಡೆ ಉಪಯೋಗಕ್ಕೆ ಬರುತ್ತದೆ.

ಸುಗ್ಗಿಯ ಕಾಲದಲ್ಲಿ ಅಡಿಕೆಯನ್ನು ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವವರು ಮೊದಲ ನೋಟಕ್ಕೇ ಬೇರೆಯಾಗುವುದನ್ನು ಮೊದಲು ತೆಗೆದಿಟ್ಟು, ಕಣ್ಣಿಟ್ಟು ನೋಡಬೇಕಾದದ್ದನ್ನು ಕೊನೆಗೆ ಉಳಿಸಿಕೊಳ್ಳುತ್ತಾರಲ್ಲ, ಈ ಹಂತದ ಕೆಲಸವೂ ಅದೇ ಬಗೆಯದು.

ಹಂತ 3: ಭಾಗಾಕಾರ, ಮತ್ತು ಕುಸಿಯುವ ಮೇರೆ

ಈಗ 17ರಿಂದ ಮೊದಲುಗೊಂಡು ನಿಜವಾದ ಭಾಗಾಕಾರ ಮಾಡಬೇಕು. 57ರಲ್ಲಿ 17 ಮೂರು ಸಲ, ಉಳಿದದ್ದು 6. 67ರಲ್ಲಿ ಮೂರು ಸಲ, ಉಳಿದದ್ದು 16. 162ರಲ್ಲಿ ಒಂಬತ್ತು ಸಲ, ಉಳಿದದ್ದು 9. 90ರಲ್ಲಿ ಐದು ಸಲ, ಉಳಿದದ್ದು 5. 51ರಲ್ಲಿ ಸರಿಯಾಗಿ ಮೂರು ಸಲ. ಶೇಷ ಸೊನ್ನೆ. 5,77,201 = 17 × 33,953.

ಇಲ್ಲಿ ನಿಂತು ಮೇರೆಯನ್ನು ಮತ್ತೆ ಲೆಕ್ಕ ಹಾಕಬೇಕು. ಅನೇಕ ವಿದ್ಯಾರ್ಥಿಗಳು ಈ ಕೆಲಸವನ್ನು ಮರೆತು ಹಳೆಯ ಮೇರೆಯನ್ನೇ ಹಿಡಿದು ಹೋಗುತ್ತಾರೆ, ವೃಥಾ ಬಳಲುತ್ತಾರೆ. ನಾವು ಇನ್ನು ಒಡೆಯಬೇಕಾದದ್ದು 33,953 ಮಾತ್ರ. 184ರ ವರ್ಗ 33,856, 185ರ ವರ್ಗ 34,225. ಹೀಗಾಗಿ ಮೇರೆ 759ರಿಂದ 184ಕ್ಕೆ ಇಳಿಯಿತು. 17ನ್ನೇ ಇನ್ನೊಮ್ಮೆ ಪ್ರಯತ್ನಿಸಿ ನೋಡಬೇಕು, ಏಕೆಂದರೆ ಒಂದೇ ಅವಿಭಾಜ್ಯ ಎರಡು ಮೂರು ಸಲ ಬರುವುದುಂಟು. ಇಲ್ಲಿ ಶೇಷ 4 ಬರುತ್ತದೆ, ಆದ್ದರಿಂದ ಅದು ಒಮ್ಮೆ ಮಾತ್ರ. ಮುಂದಿನದು 19: ಭಾಗಲಬ್ಧ 1787, ಶೇಷ ಸೊನ್ನೆ.

ಉಳಿದದ್ದು 1787. ಇದರ ಮೇರೆ 42. ಈ ಮೇರೆಯೊಳಗೆ ಹದಿಮೂರು ಅವಿಭಾಜ್ಯಗಳಿದ್ದರೂ ಅಷ್ಟನ್ನೂ ಪರೀಕ್ಷಿಸಬೇಕಾಗಿಲ್ಲ. ಮೂಲ ಸಂಖ್ಯೆಯನ್ನು ಭಾಗಿಸದ ಯಾವ ಸಂಖ್ಯೆಯೂ ಅದರ ಅಪವರ್ತನವನ್ನು ಭಾಗಿಸಲಾರದು. ಆದ್ದರಿಂದ 2, 3, 5, 7, 11, 13 ಮತ್ತು 37 ಈಗಾಗಲೇ ತೀರ್ಮಾನವಾಗಿವೆ. 17ಕ್ಕೆ 33,953ರಲ್ಲಿಯೇ ಶೇಷ ಉಳಿದಿತ್ತು. 1787ನ್ನು 19ರಿಂದ ಭಾಗಿಸಿದರೆ ಶೇಷ 1, 23ರಿಂದ 16, 29ರಿಂದ 18, 31ರಿಂದ 20, 41ರಿಂದ 24. ಯಾವುದೂ ಹೊಂದಲಿಲ್ಲ. 1787 ಅವಿಭಾಜ್ಯ ಸಂಖ್ಯೆ ಎಂಬುದು ಸಿದ್ಧವಾಯಿತು.

5,77,201 = 17 × 19 × 1787.

134 ಭಾಗಾಕಾರಗಳ ಭಯದಿಂದ ಹೊರಟವರು ಹತ್ತನ್ನೂ ದಾಟದೆ ಗುರಿ ಮುಟ್ಟಿದೆವು. ಅಂಕಗಣಿತದ ಮೂಲಭೂತ ಪ್ರಮೇಯದ ಪ್ರಕಾರ, ಅಪವರ್ತನಗಳನ್ನು ಬರೆಯುವ ಕ್ರಮವೊಂದನ್ನು ಬಿಟ್ಟರೆ, ಈ ಸಂಖ್ಯೆಯನ್ನು ಅವಿಭಾಜ್ಯಗಳ ಗುಣಲಬ್ಧವಾಗಿ ಬರೆಯಲು ಬೇರೆ ದಾರಿಯೇ ಇಲ್ಲ. 17 ಮತ್ತು 19 ಎರಡರ ಅಂತರದಲ್ಲಿರುವ ಅವಳಿ ಅವಿಭಾಜ್ಯಗಳು ಎಂಬುದೂ ನೋಡಲು ಚೆಂದವಾದ ಸಂಗತಿ.

ಹಂತ 4: ತಾಳೆ ನೋಡುವುದು

ಉತ್ತರವನ್ನು ತಿರುಗಿ ಗುಣಿಸಿ ನೋಡುವುದು ಅಗತ್ಯ: 17 × 19 = 323; 323 × 1787 = 5,77,201. ಇದರ ಜೊತೆಗೆ ಒಂಬತ್ತನ್ನು ಕಳೆಯುವ ಹಳೆಯ ತಾಳೆಯನ್ನೂ ಮಾಡಬಹುದು. 17ರ ಅಂಕಿಗಳ ಮೊತ್ತ 8, 19ರದ್ದು 10, ಅಂದರೆ 1, 1787ರದ್ದು 23, ಅಂದರೆ 5. ಇವುಗಳ ಗುಣಲಬ್ಧ 40, ಅಂದರೆ 4. ಮೂಲ ಸಂಖ್ಯೆಯ ಮೊತ್ತ 22, ಅಂದರೆ 4. ಹೊಂದಿತು. ಆದರೆ ಈ ತಾಳೆಗೆ ಒಂದು ಕೊರತೆಯಿದೆ: ಅಂಕಿಗಳು ಸ್ಥಾನ ಬದಲಿಸಿದರೆ ಅದಕ್ಕೆ ತಿಳಿಯುವುದಿಲ್ಲ. 1787ರ ಬದಲು 1877 ಎಂದು ಬರೆದಿದ್ದರೂ ಅದು ಸರಿಯೆಂದೇ ಹೇಳುತ್ತಿತ್ತು. ಆದ್ದರಿಂದ 11ರ ಶೇಷಗಳನ್ನೂ ನೋಡುವುದು ಒಳ್ಳೆಯದು. 17, 19, 1787 ಇವುಗಳನ್ನು 11ರಿಂದ ಭಾಗಿಸಿದಾಗ ಉಳಿಯುವುದು ಕ್ರಮವಾಗಿ 6, 8, 5. ಗುಣಲಬ್ಧ 240, ಅದರ ಶೇಷ 9. 5,77,201ರ ಶೇಷವೂ 9. ಪಕ್ಕಪಕ್ಕದ ಅಂಕಿಗಳ ಅದಲುಬದಲನ್ನು ಈ ತಾಳೆ ತಪ್ಪದೆ ಹಿಡಿಯುತ್ತದೆ.

ಗುಣಾಕಾರದ ಸೊಬಗಿನಲ್ಲಿ ಕನ್ನಡ ನಾಡಿಗೆ ಹಳೆಯ ಆಸ್ತಿಯಿದೆ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಹಾರದಂತೆ ಎರಡೂ ಕಡೆಯಿಂದ ಒಂದೇ ರೀತಿ ಓದಬಹುದಾದ ಗುಣಲಬ್ಧಗಳನ್ನು ತನ್ನ ಗ್ರಂಥದಲ್ಲಿ ಕೊಟ್ಟಿದ್ದಾನೆ; 1,52,207 × 73 = 1,11,11,111 ಎಂಬುದು ಅವುಗಳಲ್ಲೊಂದು. ನಮ್ಮ ಕ್ರಮದಿಂದ ಇದನ್ನು ಬಿಡಿಸಿದರೆ 1,11,11,111 = 11 × 73 × 101 × 137 ಎಂದು ತಿಳಿಯುತ್ತದೆ, ಮತ್ತು ಆಚಾರ್ಯನು ಆರಿಸಿಕೊಂಡ 1,52,207 ಎಂಬುದು 11, 101, 137 ಇವುಗಳ ಗುಣಲಬ್ಧವೆಂದು ಗೊತ್ತಾಗುತ್ತದೆ. ಸಂಖ್ಯೆಯ ಅಪವರ್ತನಗಳ ಮೇಲೆ ಹಿಡಿತವಿಲ್ಲದವರಿಗೆ ಇಂಥ ಉದಾಹರಣೆ ಹೊಳೆಯುವುದು ಕಷ್ಟ.

ಹಂತ 5: ಅಪವರ್ತನಗಳಿಂದ ಉಳಿದದ್ದನ್ನೆಲ್ಲ ಪಡೆಯುವುದು

ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಹಂತದಲ್ಲಿದೆ. ಸಂಖ್ಯೆಯ ಗುಣಗಳು ಅದರ ಅಂಕಿಗಳಲ್ಲಿ ಕಾಣಿಸುವುದಿಲ್ಲ. ಅವು ಅದರ ಅವಿಭಾಜ್ಯ ಅಪವರ್ತನಗಳಲ್ಲಿವೆ. ಅವನ್ನು ಒಮ್ಮೆ ಕಂಡುಕೊಂಡರೆ ಮುಂದಿನ ಉತ್ತರಗಳು ಕೆಲವೇ ಸಾಲುಗಳಲ್ಲಿ ಬರುತ್ತವೆ.

ಭಾಜಕಗಳೆಷ್ಟು? ಮೂರು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು; 2 × 2 × 2 = 8. ಅವು 1, 17, 19, 323, 1787, 30,379, 33,953 ಮತ್ತು 5,77,201. ಇವುಗಳ ಮೊತ್ತವನ್ನು ಒಂದೊಂದಾಗಿ ಕೂಡದೆ (1 + 17)(1 + 19)(1 + 1787) ಎಂದು ಗುಣಿಸಿಯೇ ಪಡೆಯಬಹುದು: 18 × 20 × 1788 = 6,43,680. ಇದರಲ್ಲಿ ಸಂಖ್ಯೆಯನ್ನೇ ಕಳೆದರೆ ಉಳಿಯುವುದು 66,479. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತವು ಸಂಖ್ಯೆಗೆ ಸಮನಾಗಿದ್ದರೆ ಅದು ಪರಿಪೂರ್ಣ ಸಂಖ್ಯೆ, 6 ಮತ್ತು 28 ಇದ್ದಂತೆ. ನಮ್ಮ ಸಂಖ್ಯೆಯಲ್ಲಿ ಆ ಮೊತ್ತ ಎಂಟನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಇದು ಬಹಳ ಕೊರತೆಯ ಸಂಖ್ಯೆ.

ಅದರ ಪಕ್ಕದಲ್ಲಿಯೇ ಇರುವ 5,77,200ನ್ನು ಈಗ ನೋಡಿ. ಇದನ್ನು 2⁴ × 3 × 5² × 13 × 37 ಎಂದು ಬರೆಯಬಹುದು. ಎರಡನೆಯ ಹಂತದಲ್ಲಿ 37ರಿಂದ ಭಾಗಿಸಿದಾಗ ಶೇಷ 1 ಬಂದದ್ದಕ್ಕೆ ಕಾರಣ ಇದೇ. ಈ ಸಂಖ್ಯೆಗೆ ಭಾಜಕಗಳೆಷ್ಟೆಂದು ತಿಳಿಯಲು ಪ್ರತಿ ಘಾತಕ್ಕೂ ಒಂದನ್ನು ಕೂಡಿ ಗುಣಿಸಬೇಕು: 5 × 2 × 3 × 2 × 2 = 120. ಎಲ್ಲ ಭಾಜಕಗಳ ಮೊತ್ತ 20,45,008; ಸಂಖ್ಯೆಯ ಇಮ್ಮಡಿಯನ್ನೂ ಮೀರಿದ್ದು. ಒಂದು ಸಂಖ್ಯೆಗೆ ಎಂಟು ಭಾಜಕಗಳು, ಅದರ ಹಿಂದಿನದಕ್ಕೆ ನೂರಿಪ್ಪತ್ತು. ಕಾಗದದ ಮೇಲೆ ಒಂದೇ ಅಂಕಿಯ ವ್ಯತ್ಯಾಸವಿರುವ ಎರಡು ಸಂಖ್ಯೆಗಳು ಸ್ವಭಾವದಲ್ಲಿ ಇಷ್ಟು ದೂರವಿರಬಲ್ಲವು.

ಸಂಖ್ಯೆಯೊಡನೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲದ, ಅದಕ್ಕಿಂತ ಚಿಕ್ಕ ಸಂಖ್ಯೆಗಳೆಷ್ಟು ಎಂಬ ಪ್ರಶ್ನೆಯಲ್ಲಿಯೂ ಈ ಅಂತರ ಎದ್ದು ಕಾಣುತ್ತದೆ. 5,77,201ಕ್ಕೆ ಅದು 16 × 18 × 1786 = 5,14,368, ಅಂದರೆ ಶೇಕಡಾ 89ಕ್ಕೂ ಹೆಚ್ಚು. 5,77,200ಕ್ಕೆ 1,38,240 ಮಾತ್ರ, ಶೇಕಡಾ 24ಕ್ಕಿಂತ ಸ್ವಲ್ಪ ಕಡಿಮೆ.

ಭಾಜಕಗಳ ಸಮೃದ್ಧಿಯನ್ನೇ ವಿಷಯವಾಗಿಟ್ಟುಕೊಂಡು ಶ್ರೀನಿವಾಸ ರಾಮಾನುಜನ್ 1915ರಲ್ಲಿ ದೀರ್ಘ ಪ್ರಬಂಧವೊಂದನ್ನು ಪ್ರಕಟಿಸಿದರು. ತನಗಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಲ್ಲದಷ್ಟು ಭಾಜಕಗಳಿರುವ ಸಂಖ್ಯೆಗಳನ್ನು ಅವರು ಅಲ್ಲಿ ವಿವೇಚಿಸಿದರು. 7,20,720 ಅಂಥದ್ದೊಂದು, ಅದಕ್ಕೆ 240 ಭಾಜಕಗಳಿವೆ.

ಹಂತ 6: ವರ್ಗಗಳೊಡನೆ ಸಂಬಂಧ

ಬೆಸ ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಯಾವಾಗಲೂ ಬರೆಯಬಹುದು. ಅಪವರ್ತನಗಳ ಒಂದು ಜೋಡಿಯನ್ನು ತೆಗೆದುಕೊಂಡು ಅವುಗಳ ಮೊತ್ತದ ಅರ್ಧ ಮತ್ತು ವ್ಯತ್ಯಾಸದ ಅರ್ಧವನ್ನು ಕಂಡುಹಿಡಿದರೆ ಕೆಲಸ ಮುಗಿಯಿತು. 323 ಮತ್ತು 1787ರಿಂದ 1055ರ ವರ್ಗದಲ್ಲಿ 732ರ ವರ್ಗವನ್ನು ಕಳೆದದ್ದು ದೊರೆಯುತ್ತದೆ: 11,13,025 − 5,35,824 = 5,77,201. ಎಂಟು ಭಾಜಕಗಳು ನಾಲ್ಕು ಜೋಡಿಗಳಾಗುವುದರಿಂದ ಹೀಗೆ ಬರೆಯಲು ನಾಲ್ಕೇ ದಾರಿಗಳು; ಉಳಿದ ಮೂರನ್ನು ಓದುಗರು ಬಿಡಿಸಿಕೊಳ್ಳಬಹುದು.

ಇದನ್ನೇ ತಿರುಗಿಸಿ ಅಪವರ್ತನಗಳನ್ನು ಹುಡುಕುವ ಉಪಾಯವನ್ನು ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ತೋರಿಸಿದನು. 760, 761, 762 ಎಂದು ಒಂದೊಂದರ ವರ್ಗದಿಂದಲೂ ನಮ್ಮ ಸಂಖ್ಯೆಯನ್ನು ಕಳೆಯುತ್ತ, ಉಳಿಕೆ ಪೂರ್ಣವರ್ಗವಾಗುವವರೆಗೆ ಹೋಗುವುದು. ಎರಡು ಅಪವರ್ತನಗಳು ಪರಸ್ಪರ ಹತ್ತಿರವಿದ್ದರೆ ಇದು ಅತಿ ವೇಗದ ದಾರಿ. ನಮ್ಮ ಸಂಖ್ಯೆಯಲ್ಲಿ 1055ರವರೆಗೆ ನಡೆಯಬೇಕಾಗುವುದರಿಂದ ಸುಮಾರು ಮುನ್ನೂರು ಹೆಜ್ಜೆ ಬೇಕು. ಇಲ್ಲಿ ಸಾಮಾನ್ಯ ಭಾಗಾಕಾರವೇ ಮೇಲು.

ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವೇ ಎಂಬುದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. 4ರಿಂದ ಭಾಗಿಸಿದಾಗ ಶೇಷ 3 ಉಳಿಯುವ ಯಾವ ಸಂಖ್ಯೆಯೂ ಎರಡು ವರ್ಗಗಳ ಮೊತ್ತವಾಗಲಾರದು, ಏಕೆಂದರೆ ವರ್ಗಗಳಿಗೆ ಉಳಿಯುವ ಶೇಷ 0 ಅಥವಾ 1 ಮಾತ್ರ. 5,77,201ಕ್ಕೆ ಶೇಷ 1. ಆದ್ದರಿಂದ ಈ ಮೇಲುನೋಟದ ಪರೀಕ್ಷೆ ಅದನ್ನು ತಡೆಯುವುದಿಲ್ಲ. ಆದರೆ ಪೂರ್ಣ ನಿಯಮ ಹೀಗಿದೆ: 4ರಿಂದ ಭಾಗಿಸಿದಾಗ 3 ಉಳಿಯುವ ಅವಿಭಾಜ್ಯವು ಸಂಖ್ಯೆಯಲ್ಲಿ ಬೆಸ ಸಲ ಬಂದಿದ್ದರೆ ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲಾಗದು. 19 ಮತ್ತು 1787 ಎರಡೂ ಅಂಥವೇ, ಎರಡೂ ಒಂದೊಂದೇ ಸಲ ಬಂದಿವೆ. ಆದ್ದರಿಂದ ಉತ್ತರ ಇಲ್ಲವೆಂಬುದೇ. ಅಪವರ್ತನಗಳನ್ನು ತಿಳಿಯದೆ ಈ ಉತ್ತರಕ್ಕೆ ಬರಬೇಕೆಂದರೆ 759ರವರೆಗೆ ಒಂದೊಂದೇ ವರ್ಗವನ್ನು ಕಳೆದು ನೋಡುವ ದುಡಿಮೆ ಬೇಕಾಗುತ್ತಿತ್ತು.

ಇದೇ ಸಂದರ್ಭದಲ್ಲಿ ಮೊದಲ ಮೂರು ಅಂಕಿಗಳಾದ 577ನ್ನು ಪ್ರತ್ಯೇಕವಾಗಿ ನೋಡದೆ ಮುಂದೆ ಹೋಗಲು ನನಗೆ ಮನಸ್ಸಾಗುತ್ತಿಲ್ಲ. ಶಿವಮೊಗ್ಗಕ್ಕೆ ಮಾತ್ರವಲ್ಲ, ದಾವಣಗೆರೆ, ಚಿಕ್ಕಮಗಳೂರು, ಚಿತ್ರದುರ್ಗಗಳಿಗೂ ಇದೇ ಆರಂಭ. 577 ಅವಿಭಾಜ್ಯ, 24ರ ವರ್ಗಕ್ಕೆ 1ನ್ನು ಕೂಡಿದರೆ ಬರುವ ಸಂಖ್ಯೆ. ಇದಕ್ಕಿಂತ ದೊಡ್ಡ ಗೌರವವೊಂದು ಅದಕ್ಕಿದೆ. ಬೌಧಾಯನ ಶುಲ್ಬಸೂತ್ರವು 2ರ ವರ್ಗಮೂಲಕ್ಕೆ ಕೊಡುವ ಬೆಲೆ, ಒಂದಕ್ಕೆ ಅದರ ಮೂರನೆಯ ಒಂದು ಭಾಗವನ್ನು ಕೂಡಿ, ಆ ಭಾಗದ ನಾಲ್ಕನೆಯ ಒಂದನ್ನು ಕೂಡಿ, ಕೊನೆಗೆ ಕೂಡಿದ ಆ ಭಾಗದ ಮೂವತ್ತನಾಲ್ಕನೆಯ ಒಂದನ್ನು ಕಳೆಯಬೇಕೆಂಬುದು. ಲೆಕ್ಕ ಮಾಡಿದರೆ ಅದು 577/408. ದಶಮಾಂಶದಲ್ಲಿ 1.414215…, ನಿಜವಾದ ಬೆಲೆ 1.414213…. 577ರ ವರ್ಗ 3,32,929. 408ರ ವರ್ಗದ ಇಮ್ಮಡಿ 3,32,928. ಒಂದೇ ಒಂದರ ವ್ಯತ್ಯಾಸ! ಎರಡು ಸಾವಿರ ವರ್ಷಗಳಿಗೂ ಹಿಂದೆ ಯಜ್ಞವೇದಿಕೆಯ ಅಳತೆಗಾಗಿ ಕಂಡುಕೊಂಡ ಸಂಖ್ಯೆಯನ್ನು ನಾವು ದಿನವೂ ಲಕೋಟೆಯ ಮೇಲೆ ಬರೆಯುತ್ತಿದ್ದೇವೆ.

ಹಂತ 7: ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನ (ಮಸಾಅ)

ಶಿವಮೊಗ್ಗದ 577201 ಮತ್ತು ಸಾಗರದ 577401 ಇವೆರಡಕ್ಕೂ ಸಾಮಾನ್ಯ ಭಾಜಕವೇನಾದರೂ ಇದೆಯೇ? ಇದಕ್ಕೆ ಅಪವರ್ತನಗಳೂ ಬೇಕಾಗಿಲ್ಲ. ಎರಡನ್ನೂ ಭಾಗಿಸುವ ಸಂಖ್ಯೆ ಅವುಗಳ ವ್ಯತ್ಯಾಸವಾದ 200ನ್ನೂ ಭಾಗಿಸಲೇಬೇಕು. 200ರಲ್ಲಿರುವ ಅವಿಭಾಜ್ಯಗಳು 2 ಮತ್ತು 5 ಮಾತ್ರ. 1ರಿಂದ ಕೊನೆಗೊಳ್ಳುವ ಸಂಖ್ಯೆಗೆ ಎರಡೂ ಸಲ್ಲವು. ಮಸಾಅ 1. ಯೂಕ್ಲಿಡನ ಭಾಗಾಕಾರ ಕ್ರಮದ ತಿರುಳು ಇದೇ, ಮತ್ತು ನೂರಾರು ಅಂಕಿಗಳ ಸಂಖ್ಯೆಗಳಿಗೂ ಅದು ಆಯಾಸವಿಲ್ಲದೆ ನಡೆಯುತ್ತದೆ.

0 ಮತ್ತು 1 ಎಂಬ ಎರಡೇ ಅಂಕಿಗಳ ದ್ವಿಮಾನ ಪದ್ಧತಿಯಲ್ಲಿ ಬರೆದರೆ ನಮ್ಮ ಸಂಖ್ಯೆ 1000 1100 1110 1011 0001 ಆಗುತ್ತದೆ: ಇಪ್ಪತ್ತು ಸ್ಥಾನಗಳು, ಅವುಗಳಲ್ಲಿ ಸರಿಯಾಗಿ ಹತ್ತು ಒಂದುಗಳು. ಇದು ಆಕಸ್ಮಿಕ, ಹೆಚ್ಚಿನ ಅರ್ಥ ಹುಡುಕಬೇಕಾಗಿಲ್ಲ.

ಸಂಖ್ಯೆ ಇನ್ನೂ ದೊಡ್ಡದಾದರೆ

ಆರಂಕಿಯವರೆಗೆ ನಮ್ಮ ಕ್ರಮ ಸಾಕು. ಇಪ್ಪತ್ತು ಅಂಕಿಗಳಿಗೆ ಬಂದಾಗ ಅದು ಒಂದು ಜೀವಮಾನದ ಕೆಲಸವಾಗುತ್ತದೆ. 2ರ 67ನೆಯ ಘಾತದಲ್ಲಿ 1ನ್ನು ಕಳೆದರೆ ಬರುವ 21 ಅಂಕಿಯ ಸಂಖ್ಯೆಯನ್ನು ಮರ್ಸೆನ್ ಎಂಬ ಫ್ರೆಂಚ್ ಪಾದ್ರಿ 1644ರಲ್ಲಿ ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದನು. ಅದು ಅವಿಭಾಜ್ಯವಲ್ಲವೆಂದು ಫ್ರೆಂಚ್ ಗಣಿತಜ್ಞ ಲೂಕಾ 1876ರಲ್ಲಿ ಸಾಧಿಸಿದನಾದರೂ ಅಪವರ್ತನಗಳು ಯಾವುವೆಂದು ಹೇಳಲಾಗಲಿಲ್ಲ. 1903ರಲ್ಲಿ ಅಮೆರಿಕದ ಕೋಲ್ ಅವು 193707721 ಮತ್ತು 761838257287 ಎಂದು ತೋರಿಸಿದನು.

ಅಪವರ್ತನ ತಿಳಿಯದೆಯೇ ಸಂಖ್ಯೆ ಒಡೆಯುತ್ತದೆಂದು ತಿಳಿಯುವುದು ಹೇಗೆ? ಅದಕ್ಕೂ ಫರ್ಮಾನದೇ ಒಂದು ಪ್ರಮೇಯವಿದೆ. ಸಂಖ್ಯೆ 2ಕ್ಕಿಂತ ದೊಡ್ಡ ಅವಿಭಾಜ್ಯವಾಗಿದ್ದರೆ, ಅದಕ್ಕಿಂತ ಒಂದು ಕಡಿಮೆ ಘಾತಕ್ಕೆ 2ನ್ನು ಏರಿಸಿ ಆ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕು. 91ರ ಮೇಲೆ ಪ್ರಯೋಗಿಸಿ ನೋಡಿ: 2ರ 90ನೆಯ ಘಾತವನ್ನು 91ರಿಂದ ಭಾಗಿಸಿದರೆ ಉಳಿಯುವುದು 64. ಆದ್ದರಿಂದ 91 ಅವಿಭಾಜ್ಯವಲ್ಲ. 7 × 13 ಎಂಬುದನ್ನು ಕಾಣದೆಯೇ ಇದನ್ನು ಹೇಳಿದೆವು. ಶೇಷ 1 ಬಂದ ಮಾತ್ರಕ್ಕೆ ಅವಿಭಾಜ್ಯವೆಂದು ನಿಶ್ಚಯಿಸಬಾರದು. 341 ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತದೆ, ಆದರೆ ಅದು 11 × 31. ಯಾವ ಸಂಖ್ಯೆಗಾದರೂ ಸಂದೇಹವಿಲ್ಲದ ತೀರ್ಪನ್ನು ಮಿತವಾದ ಕಾಲದಲ್ಲಿ ಕೊಡುವ ವಿಧಾನವನ್ನು 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಕಂಡುಹಿಡಿದರು. ನಮ್ಮ ದೇಶದ ಮೂವರು ಸಾಧಿಸಿದ ಈ ಫಲಿತಾಂಶವನ್ನು ಪ್ರೌಢಶಾಲೆಯ ಮಕ್ಕಳಿಗೆ ಹೆಸರಿನ ಮಟ್ಟಿಗಾದರೂ ತಿಳಿಸಬೇಕು.

ಒಡೆಯುವ ಕೆಲಸ ಮಾತ್ರ ಇಂದಿಗೂ ಕಠಿಣವಾಗಿಯೇ ಉಳಿದಿದೆ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ರೂಪಿಸಿದ ಗೂಢಲಿಪಿಯ ಭದ್ರತೆ ನಿಂತಿರುವುದು ಆ ಕಾಠಿಣ್ಯದ ಮೇಲೆಯೇ. 250 ಅಂಕಿಗಳ ಅಂಥ ಒಂದು ಸಂಖ್ಯೆಯನ್ನು 2020ರಲ್ಲಿ ಬಹಳಷ್ಟು ಗಣಕಯಂತ್ರಗಳ ನೆರವಿನಿಂದ ಒಡೆಯಲಾಯಿತು. ಬಳಕೆಯಲ್ಲಿರುವವು 617 ಅಂಕಿಗಳನ್ನೂ ಮೀರಿ ಹೋಗುತ್ತವೆ.

ಅಭ್ಯಾಸಕ್ಕೆ ಎರಡು

ಸಾಗರದ 577401ರಲ್ಲಿ ಅಂಕಿಗಳ ಮೊತ್ತ 24, ಆದ್ದರಿಂದ 3 ಸಲ್ಲುತ್ತದೆ, ಭಾಗಲಬ್ಧ 1,92,467. ಗುಂಪುಗಳನ್ನು ಕಳೆದರೆ 467 − 192 = 275. ಇದು 11ರಿಂದ ಭಾಗವಾಗುತ್ತದೆ, 7 ಮತ್ತು 13ರಿಂದ ಆಗುವುದಿಲ್ಲ. ಉಳಿದ 17,497ಕ್ಕೆ ಮೇರೆ 132. ಇಲ್ಲಿ ಸಹನೆ ಬೇಕು: ಗುಂಪುಗಳ ಪರೀಕ್ಷೆಯಿಂದ 7, 11, 13 ಮತ್ತು 37ನ್ನು ಬಿಟ್ಟ ಮೇಲೂ 17ರಿಂದ 131ರವರೆಗೆ ಇಪ್ಪತ್ತೈದು ಭಾಗಾಕಾರಗಳು ಉಳಿಯುತ್ತವೆ, ಒಂದರಲ್ಲಿಯೂ ಶೇಷ ಸೊನ್ನೆ ಬರುವುದಿಲ್ಲ. 5,77,401 = 3 × 11 × 17,497.

ತೀರ್ಥಹಳ್ಳಿಯ 577432ರಲ್ಲಿ ಕೊನೆಯ ಮೂರು ಅಂಕಿಗಳಾದ 432 ಎಂಟರಿಂದ ಭಾಗವಾಗುವುದರಿಂದ ಇಡೀ ಸಂಖ್ಯೆಯೂ ಭಾಗವಾಗುತ್ತದೆ. ಭಾಗಲಬ್ಧ 72,179, ಮೇರೆ 268. ಕ್ರಮವಾಗಿ ಹೋದರೆ 83ರವರೆಗೆ ಏನೂ ಸಿಗದೆ 89ಕ್ಕೆ ಬಂದಾಗ ಭಾಗಲಬ್ಧ 811 ದೊರೆಯುತ್ತದೆ. ಇನ್ನು 811ನ್ನು ಪರೀಕ್ಷಿಸಲು ಒಂದು ಭಾಗಾಕಾರವನ್ನೂ ಮಾಡಬೇಕಾಗಿಲ್ಲ. ಅದರ ಮೇರೆ 28, ಮತ್ತು ಆ ಮೇರೆಯೊಳಗಿನ ಅವಿಭಾಜ್ಯಗಳಲ್ಲಿ ಒಂದೂ 72,179ನ್ನು ಭಾಗಿಸುವುದಿಲ್ಲವೆಂದು 89ನ್ನು ಮುಟ್ಟುವ ಮೊದಲೇ ಕಂಡಿದ್ದೇವೆ. 811 ಅವಿಭಾಜ್ಯ; 5,77,432 = 2³ × 89 × 811, ಭಾಜಕಗಳು ಹದಿನಾರು.